ಅಡಿಕೆಯ ಮೆರವಣಿಗೆ

ಚನ್ನಗಿರಿಯ ನಮ್ಮ ಮನೆಯಲ್ಲಿ ಅಡಿಕೆಗೆ ಕಾಲು ಬಂದದ್ದು 1979ರ ಬೇಸಗೆಯಲ್ಲಿ. ಅಣ್ಣನು ಸ್ನೇಹಿತನೊಬ್ಬನಿಂದ ಸೂಪರ್ 8 ಕ್ಯಾಮರಾ ಕಡ ತಂದಿದ್ದನು. ಅದರ ಫಿಲ್ಮಿನ ಸುರುಳಿ 50 ಅಡಿ. ಅದರಲ್ಲಿ 3600 ಚಿತ್ರಗಳು. ಸೆಕೆಂಡಿಗೆ 18ರಂತೆ ಓಡಿಸಿದರೆ ಮೂರು ನಿಮಿಷ ಇಪ್ಪತ್ತು ಸೆಕೆಂಡಿನಲ್ಲಿ ಆಟ ಮುಗಿಯಿತು! ಗೋಟಡಿಕೆಗಳನ್ನು ಗೋದಿಕಾಳಿನಷ್ಟು ಸರಿಸುವುದು, ಕೈ ತೆಗೆಯುವುದು, ಒಂದೇ ಚಿತ್ರ ಹಿಡಿಯುವುದು, ಮತ್ತೆ ಸರಿಸುವುದು. 1913ರ ‘ರಾಜಾ ಹರಿಶ್ಚಂದ್ರ’ಕ್ಕೂ ಮೊದಲು ಫಾಲ್ಕೆಯವರು ಬಟಾಣಿಯ ಮೊಳಕೆಯನ್ನು ಹೀಗೆಯೇ ದಿನಗಟ್ಟಲೆ ಕಾದು ಹಿಡಿದಿದ್ದರು. ಆ ತಾಳ್ಮೆ ನಮಗೆಲ್ಲಿಯದು!

ಅಂಗಳದಲ್ಲಿ ಹನ್ನೆರಡು ಅಡಿಕೆಗಳು ಅವ್ವನ ಎಲೆಯಡಿಕೆಯ ತಟ್ಟೆಯತ್ತ ಹೊರಟವು. ಬಿಸಿಲು ಸರಿದಂತೆ ನೆರಳುಗಳೂ ಜೊತೆಗೆ ನಡೆದವು. ಊಟ ಮುಗಿಸಿ ಬಂದ ಅವ್ವ ಮುಂದಿನ ಅಡಿಕೆಯನ್ನೇ ಎತ್ತಿಕೊಂಡಳು. ಅಣ್ಣನ ಬೆರಳು ಆಗಲೇ ಗುಂಡಿಯನ್ನೊತ್ತಿತ್ತು.

“ಎಲ್ಲಾ ಕೆಡಿಸಿದೆಯಲ್ಲವ್ವಾ!” ಎಂದು ರೇಗಿದೆನು.

“ತಿನ್ನೋ ಅಡಿಕೇನ ಎಷ್ಟೊತ್ತು ಆಡಿಸ್ತೀರೋ?” ಎಂದು ಅವಳು ಅಡಕತ್ತರಿಗೆ ಕೈಹಾಕಿದಳು.

ಸುರುಳಿ ತೊಳೆದು ಬಂದಮೇಲೆ ಹೊನ್ನಾಳಿಯ ಚಿಕ್ಕಪ್ಪನ ಮನೆಯ ಗೋಡೆಯ ಮೇಲೆ ನೋಡಿದೆವು. ಬಳೆ ತೊಟ್ಟ ಕೈಯೊಂದು ಸುಳಿದು ಮಾಯವಾಯಿತು; ಎಲ್ಲರೂ ನಕ್ಕರು. ಅವ್ವ ಹೋಗಿ ಬಹಳ ವರ್ಷವಾಯಿತು. ಚಲಚ್ಚಿತ್ರದಲ್ಲಿ ಅವಳು ಉಳಿದಿರುವುದು ಸೆಕೆಂಡಿನ ಹದಿನೆಂಟನೆಯ ಒಂದು ಪಾಲು ಮಾತ್ರ. ಹಬ್ಬಕ್ಕೆ ಸೇರಿದಾಗ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು ಆ ಚೌಕವನ್ನು ಹುಡುಕುತ್ತೇವೆ. ಅಣ್ಣನ ಕಣ್ಣು ಈಗ ಮಂಜು. ಎಣಿಸುವ ಕೆಲಸ ನನ್ನದು.