ಬಿಚ್ಚಲು ಬರುವ ಗಂಟು

ಪಿಯುಸಿ ಎರಡನೇ ವರ್ಷದ ಪರೀಕ್ಷೆಯೂ ಸಿಇಟಿಯೂ ಮುಗಿದು, ಫಲಿತಾಂಶಕ್ಕೆ ಕಾಯುತ್ತಿದ್ದ ಆ ಕೆಲಸವಿಲ್ಲದ ದಿನಗಳಲ್ಲಿ ನಾನು ಮಾವನ ಟೆಂಪೋಗೆ ಕ್ಲೀನರ್ ಆದೆ. ಆದೆ ಅನ್ನುವುದಕ್ಕಿಂತ ಅವ್ವ ಕಳಿಸಿದಳು ಅನ್ನುವುದು ಸರಿ. ಮಾವನ ಖಾಯಂ ಕ್ಲೀನರ್ ಹುಡುಗ ಅಕ್ಕನ ಮದುವೆಗೆಂದು ಊರಿಗೆ ಹೋದವನು ತಿರುಗಿ ಬಂದಿರಲಿಲ್ಲ. ನಾನು ಮನೆಯಲ್ಲಿ ಹತ್ತು ಗಂಟೆಯ ತನಕ ಮಲಗಿರುತ್ತಿದ್ದೆ. ಎರಡೂ ತೊಂದರೆಗೆ ಅವ್ವ ಒಂದೇ ಪರಿಹಾರ ಹುಡುಕಿದಳು.

ಮಾವನದು ಹಳೆಯ 407. ಮಲೇಬೆನ್ನೂರಿನ ಸುತ್ತಮುತ್ತ ಭದ್ರಾ ಚಾನಲ್ಲಿನ ನೀರು ಹರಿಯುವ ಗದ್ದೆಗಳಲ್ಲಿ ಬೇಸಿಗೆ ಭತ್ತದ ಕೊಯ್ಲು ಮುಗಿದ ಮೇಲೆ ಅದಕ್ಕೆ ಹುಲ್ಲಿನ ಬಾಡಿಗೆ ಶುರುವಾಗುತ್ತಿತ್ತು. ಜಗಳೂರಿನ ಕಡೆ ಮಳೆ ಕಡಿಮೆ, ದನಗಳಿಗೆ ಮೇವಿಲ್ಲ. ಅಲ್ಲಿನ ರೈತರು ಬಂದು ಹುಲ್ಲು ಕೊಂಡು, ನಮ್ಮ ಟೆಂಪೋದಲ್ಲಿ ಹೇರಿಸಿಕೊಂಡು ಹೋಗುತ್ತಿದ್ದರು. ಆಗಿನ್ನೂ ನಮ್ಮ ಕಡೆ ಹುಲ್ಲನ್ನು ಯಂತ್ರದಲ್ಲಿ ಒತ್ತಿ ಸುತ್ತುವುದು ಬಂದಿರಲಿಲ್ಲ. ಎಲ್ಲಾ ಕೈಯಲ್ಲಿ ಕಟ್ಟಿದ ಪಿಂಡಿಗಳು.

ಹುಲ್ಲು ತೂಕದಲ್ಲಿ ಹಗುರ, ಗಾತ್ರದಲ್ಲಿ ಆನೆ. ಕ್ಯಾಬಿನ್ನಿಗಿಂತ ಎತ್ತರಕ್ಕೆ ಪೇರಿಸಿ, ಎರಡೂ ಬದಿಗೆ ಹೊಟ್ಟೆ ಬಂದ ಹಾಗೆ ಉಬ್ಬಿಸಿದರೇ ಬಾಡಿಗೆ ಗಿಟ್ಟುವುದು. ಹಿಂದಿನಿಂದ ನೋಡಿದವರಿಗೆ ಟೆಂಪೋ ಕಾಣಿಸುತ್ತಿರಲಿಲ್ಲ, ಬಣವೆಯೊಂದು ತನ್ನ ಪಾಡಿಗೆ ರಸ್ತೆಯಲ್ಲಿ ಹೋಗುತ್ತಿರುವಂತೆ ಕಾಣುತ್ತಿತ್ತು. ಇಷ್ಟೆಲ್ಲವನ್ನೂ ಹಿಡಿದಿಡುತ್ತಿದ್ದದ್ದು ನಾಲ್ಕೈದು ಹಗ್ಗ.

ಮೊದಲ ಕೆಲವು ದಿನ ಹಗ್ಗ ಎಸೆಯುವುದಷ್ಟೇ ನನ್ನ ಕೆಲಸ. ಈ ಕಡೆಯಿಂದ ನಾನು ಎಸೆದರೆ ಆ ಕಡೆ ಮಾವ ಹಿಡಿದು ಕಟ್ಟುತ್ತಿದ್ದ. ಅವನ ಕೈ ಏನು ಮಾಡುತ್ತದೆ ಎಂದು ನಾನು ನೋಡಲೇ ಇಲ್ಲ. ಹಗ್ಗ ಕಟ್ಟುವುದರಲ್ಲಿ ಕಲಿಯುವುದೇನಿದೆ ಎಂಬುದು ನನ್ನ ಭಾವನೆ. ಒಂದು ಮಧ್ಯಾಹ್ನ ಗದ್ದೆಯವನಿಗೂ ಹುಲ್ಲು ಕೊಂಡವನಿಗೂ ಪಿಂಡಿಯ ಲೆಕ್ಕದಲ್ಲಿ ಜಗಳ ಹತ್ತಿ, ಮಾವ ಪಂಚಾಯಿತಿಗೆ ನಿಂತ. ಅಲ್ಲಿಂದಲೇ ಕೂಗಿದ: “ಲೇ, ಆ ಹಿಂದಿನ ಹಗ್ಗ ಒಂದು ನೀನೇ ಕಟ್ಟಿಬಿಡು.”

ಕಟ್ಟಿದೆ. ಹಗ್ಗವನ್ನು ಕೊಕ್ಕೆಗೆ ಸುತ್ತಿ, ಒದ್ದು, ಜೋತುಬಿದ್ದು ಎಳೆದು, ಗಂಟಿನ ಮೇಲೆ ಗಂಟು, ಅದರ ಮೇಲೊಂದು ಗಂಟು, ಒಟ್ಟು ಐದು ಹಾಕಿದೆ. ಬಿಟ್ಟರೂ ಬಿಡದಂತೆ ಮುಷ್ಟಿಗಾತ್ರದ ಉಂಡೆಯಾಯಿತು. ಅದನ್ನು ತಟ್ಟಿ ನೋಡಿ ಹೆಮ್ಮೆಪಟ್ಟಿದ್ದೂ ನೆನಪಿದೆ.

ದಾವಣಗೆರೆ ದಾಟಿ ಜಗಳೂರು ರಸ್ತೆ ಹಿಡಿದ ಮೇಲೆ ಒಂದು ಹಳ್ಳಿಯ ಹತ್ತಿರ ಹಂಪು ಬಂತು. ಟೆಂಪೋ ಹತ್ತಿ ಇಳಿದಾಗ ಹಿಂದೆ ಏನೋ ಜಾರಿದ ಸದ್ದು. ಹುಲ್ಲಿಗೆ ಸದ್ದು ಎಲ್ಲಿಯದು, ಜಾರಿದರೆ ನಿಟ್ಟುಸಿರಿನಷ್ಟೇ. ನಮಗೆ ಕೇಳಿಸಿದ್ದು ಆಮೇಲಿನ ಕಿರುಚಾಟ. ಇಳಿದು ನೋಡಿದರೆ ಹತ್ತಿಪ್ಪತ್ತು ಪಿಂಡಿ ರಸ್ತೆಯ ಮೇಲಿತ್ತು. ಹಿಂದೆ ಬರುತ್ತಿದ್ದ ಮೊಪೆಡ್ಡಿನವರು ತಪ್ಪಿಸಲು ಹೋಗಿ ಪಕ್ಕದ ಜಲ್ಲಿಗೆ ಬಿದ್ದಿದ್ದರು. ಐವತ್ತು ದಾಟಿದ ಮನುಷ್ಯ. ಎಡಗೈಯನ್ನು ಬಲಗೈಯಲ್ಲಿ ಮಗುವಿನ ಹಾಗೆ ಎತ್ತಿ ಹಿಡಿದುಕೊಂಡು ಕೂತಿದ್ದರು. ಮಣಿಕಟ್ಟು ಇರಬೇಕಾದ ಹಾಗೆ ಇರಲಿಲ್ಲ.

ಊರಿನವರು ಸೇರಿದರು. ಮಾವನ ಅಂಗಿಯ ಕೊರಳಪಟ್ಟಿಗೆ ಕೈ ಹಾಕಿದವನೊಬ್ಬ “ಯಾವನಲೇ ಹಗ್ಗ ಕಟ್ಟಿದ್ದು?” ಎಂದು ಕೇಳಿದ. ನಾನು ಎರಡು ಮಾರು ದೂರದಲ್ಲಿ ನಿಂತಿದ್ದೆ. ಮಾವ ನನ್ನತ್ತ ತಿರುಗಲೂ ಇಲ್ಲ. “ನಾನೇ ಕಟ್ಟಿದ್ದು, ಬಿಡ್ರಣ್ಣಾ. ಮೊದಲು ಅವರನ್ನ ಆಸ್ಪತ್ರೆಗೆ ಕರಕೊಂಡು ಹೋಗಾಣ” ಅಂದ. ನಾನು ಬಾಯಿ ಬಿಡಲಿಲ್ಲ. ಬಿದ್ದವರು ದಾವಣಗೆರೆಯ ಒಂದು ಹೋಟೆಲ್ಲಿನಲ್ಲಿ ದೋಸೆ ಹಾಕುವವರು ಎಂದು ಆಟೋದಲ್ಲಿ ಹೋಗುವಾಗ ಮಾವನಿಗೆ ತಿಳಿಯಿತಂತೆ. ಆರು ವಾರ ಪ್ಲಾಸ್ಟರು. ಆ ಆರು ವಾರದ ಅವರ ಕೂಲಿಯನ್ನು ಮಾವ ಕೊಟ್ಟ. ಮುಂಗಾರಿಗೆ ಮುಂಚೆ ಟೆಂಪೋಗೆ ಹೊಸ ಟೈರು ಹಾಕಿಸುವ ದುಡ್ಡು ಅದು. ಹಳೆಯ ಟೈರಿನಲ್ಲೇ ಆ ಮಳೆಗಾಲ ಕಳೆಯಿತು.

ಮಾವ ಆಸ್ಪತ್ರೆಯಿಂದ ಬರುವ ತನಕ ನಾನು ಟೆಂಪೋ ಕಾಯುತ್ತಾ ನನ್ನ ಗಂಟನ್ನು ನೋಡುತ್ತಾ ಕೂತಿದ್ದೆ. ಅದು ಹಾಗೆಯೇ ಇತ್ತು! ಐದಕ್ಕೆ ಐದೂ. ಅವನು ಬಂದ ಕೂಡಲೇ ನನ್ನ ಬಾಯಿಂದ ಬಂದ ಮೊದಲ ಮಾತು ಇದು, ಇವತ್ತಿಗೂ ನೆನೆದರೆ ಮೈ ಮುದುಡುತ್ತದೆ: “ಮಾವ, ಗಂಟು ಬಿಚ್ಚಿಲ್ಲ ನೋಡು.”

ಮಾವ ಗಂಟನ್ನು ಮುಟ್ಟಿ ನೋಡಿದ. ಅದರ ಮೇಲಿನ ಹಗ್ಗವನ್ನು ಒಂದು ಬೆರಳಲ್ಲಿ ಎತ್ತಿದ. ಒಣಗಲು ಹಾಕಿದ ಸೀರೆಯ ಹಾಗೆ ಸಡಿಲವಾಗಿ ಮೇಲೆ ಬಂತು.

“ಗಂಟು ಬಿಗಿ ಐತೆ. ಹಗ್ಗ ಬಿಗಿ ಇಲ್ಲ” ಅಂದ. “ಈಗ ಇದನ್ನ ಬಿಚ್ಚು, ಬಿದ್ದ ಹುಲ್ಲು ಮತ್ತೆ ಏರಿಸಾಣ.”

ಬಿಚ್ಚಲು ಆಗಲಿಲ್ಲ. ಉಗುರು ಹೋಯಿತು, ಸ್ಕ್ರೂಡ್ರೈವರ್ ತೂರಿಸಿದ್ದಾಯಿತು. ಕೊನೆಗೆ ಕುಡುಗೋಲಿನಲ್ಲಿ ಕೊಯ್ದೆವು. ಹಗ್ಗ ಒಂದು ಮಾರು ಗಿಡ್ಡವಾಯಿತು.

ಆ ರಾತ್ರಿ ಮನೆಯ ಅಂಗಳದಲ್ಲಿ, ಮಂಚದ ಎರಡು ಕಾಲುಗಳ ನಡುವೆ ನನ್ನ ಪಾಠ ಶುರುವಾಯಿತು. ಮಾವ ಒಳ್ಳೆಯ ಮೇಷ್ಟ್ರಲ್ಲ. “ಹಿಂಗೆ, ಹಿಂಗೆ, ಆಮೇಲೆ ಹಿಂಗೆ” ಅನ್ನುವಷ್ಟರಲ್ಲಿ ಗಂಟು ಬಿದ್ದಿರುತ್ತಿತ್ತು. ನಿಧಾನ ಮಾಡು ಮಾವ ಅಂದರೆ ನಿಧಾನ ಮಾಡಲು ಹೋಗಿ ಅವನೇ ನಡುವೆ ಮರೆತು, ಹಗ್ಗ ಕೊಡವಿ, ಮತ್ತೆ ಮೊದಲಿನಿಂದ ಜೋರಾಗಿ ಮಾಡುತ್ತಿದ್ದ. ಅವನಿಗೆ ಅದು ಆ ವೇಗದಲ್ಲಿ ಮಾತ್ರ ಗೊತ್ತಿತ್ತು. ಹೆಸರೂ ಗೊತ್ತಿರಲಿಲ್ಲ. ಲೋಡ್ ಗಂಟು, ಅಷ್ಟೇ.

ನಾನು ಆಮೇಲೆ ನನಗೇ ಹೇಳಿಕೊಂಡು ಕಲಿತದ್ದನ್ನು ಇಲ್ಲಿ ಬರೆಯುತ್ತೇನೆ. ಹಗ್ಗದ ಒಂದು ತುದಿ ಆ ಬದಿಯ ಕೊಕ್ಕೆಗೆ ಕಟ್ಟಿರುತ್ತದೆ. ಲೋಡಿನ ಮೇಲಿಂದ ಹಾದು ಈ ಬದಿಗೆ ಇಳಿದ ಹಗ್ಗವನ್ನು ನೇರವಾಗಿ ಕೊಕ್ಕೆಗೆ ಕಟ್ಟಬಾರದು. ನಿಮ್ಮ ಹೆಗಲಿನ ಮಟ್ಟದಲ್ಲಿ, ಹಗ್ಗದ ನಡುವೆಯೇ ಒಂದು ಸುತ್ತು ತಿರುವಿ, ಆ ಸುತ್ತಿನೊಳಗೆ ಹಗ್ಗದ ಒಂದು ಮಡಿಕೆಯನ್ನು ತೂರಿಸಿ ಎಳೆದರೆ ಅಂಗೈಯಷ್ಟು ಉದ್ದದ ಕುಣಿಕೆಯಾಗುತ್ತದೆ. ಉಳಿದ ಹಗ್ಗವನ್ನು ಕೊಕ್ಕೆಯ ಅಡಿಯಿಂದ ಹಾಯಿಸಿ, ಮೇಲಕ್ಕೆ ತಂದು, ಆ ಕುಣಿಕೆಯೊಳಗಿಂದ ತೂರಿಸಿ, ಮತ್ತೆ ಕೆಳಕ್ಕೆ ಜಗ್ಗಬೇಕು. ಬಿಗಿಯಾದ ಮೇಲೆ ಕುಣಿಕೆಯ ಬಳಿ ಎರಡು ಬೆರಳಲ್ಲಿ ಅದುಮಿ ಹಿಡಿದು, ಕೆಳಗೆ ಎರಡು ಸುತ್ತುಗಂಟು. ಎರಡನೆಯದರಲ್ಲಿ ತುದಿಯನ್ನು ಪೂರ್ತಿ ಹೊರಗೆಳೆಯದೆ, ಶೂ ಲೇಸಿನ ಹಾಗೆ ಮಡಿಕೆಯಾಗಿ ಬಿಡಬೇಕು. ಇಳಿಸುವಾಗ ಆ ತುದಿಯನ್ನು ಒಮ್ಮೆ ಜಗ್ಗಿದರೆ ಬಿಚ್ಚಿಕೊಳ್ಳುತ್ತದೆ.

ಓದಲು ಸುಲಭ. ನನಗೆ ನಾಲ್ಕು ರಾತ್ರಿ ಬೇಕಾಯಿತು. ಕುಣಿಕೆ ಮಾಡುತ್ತಿದ್ದೆ, ತೂರಿಸುತ್ತಿದ್ದೆ, ಜಗ್ಗಿದ ತಕ್ಷಣ ಕುಣಿಕೆ ಸರ್ರನೆ ಮುಚ್ಚಿಕೊಂಡು ಹಗ್ಗವನ್ನೇ ಕಚ್ಚುತ್ತಿತ್ತು. ಮಾವ ನೋಡಿ “ಉಲ್ಟಾ ಆತು” ಅನ್ನುತ್ತಿದ್ದ. ಯಾವುದು ಉಲ್ಟಾ? “ಅದೇ, ಉಲ್ಟಾ.” ಮೂರನೇ ರಾತ್ರಿ ನನಗೇ ಹೊಳೆಯಿತು. ಮಡಿಕೆಯನ್ನು ಮೇಲಿನಿಂದ, ಅಂದರೆ ಲೋಡಿನ ಕಡೆಯಿಂದ ಬರುವ ಹಗ್ಗದಿಂದ ತೆಗೆದರೆ ಕುಣಿಕೆ ಜೀರುಗುಣಿಕೆಯಾಗುತ್ತದೆ, ಭಾರ ಬಿದ್ದಾಗ ಮುಚ್ಚಿಕೊಳ್ಳುತ್ತದೆ. ಕೆಳಗಿನಿಂದ, ಕೈಯಲ್ಲಿರುವ ಹಗ್ಗದಿಂದ ತೆಗೆದರೆ ಭಾರ ಬಿದ್ದಷ್ಟೂ ಅದರ ಕೊರಳು ಬಿಗಿಯುತ್ತದೆಯೇ ಹೊರತು ಕುಣಿಕೆ ಕುಗ್ಗುವುದಿಲ್ಲ. ಇದನ್ನು ಮಾವನಿಗೆ ವಿವರಿಸಿದೆ. ಅವನು ತನ್ನ ಕೈಯಲ್ಲೇ ಎರಡು ಸಲ ಕಟ್ಟಿ ನೋಡಿಕೊಂಡು, “ಹೌದಲ್ಲಲೇ!” ಅಂದ. ಮೂವತ್ತು ವರ್ಷ ಸರಿಯಾಗಿಯೇ ಕಟ್ಟುತ್ತಿದ್ದವನಿಗೆ ತಾನು ಸರಿ ಏಕೆ ಎಂದು ಅವತ್ತು ಗೊತ್ತಾಯಿತು. ಗೊತ್ತಾದ್ದರಿಂದ ಅವನಿಗೆ ಲಾಭವೇನೂ ಆಗಲಿಲ್ಲ ಅನ್ನುವುದು ಬೇರೆ ಮಾತು.

ನನಗೆ ನಾಚಿಕೆಯಾದದ್ದು ಇನ್ನೊಂದು ಕಾರಣಕ್ಕೆ. ಕುಣಿಕೆಯೇ ಮೇಲಿನ ರಾಟೆ, ಕೊಕ್ಕೆಯೇ ಕೆಳಗಿನ ರಾಟೆ. ತಿಕ್ಕಾಟ ಇಲ್ಲವೆಂದುಕೊಂಡರೆ, ಜಗ್ಗಿದ್ದರ ಮೂರು ಪಟ್ಟು ಬಲ ಲೋಡಿನ ಮೇಲಿನ ಹಗ್ಗಕ್ಕೆ ಹೋಗಬೇಕು. ಅದೇ ತಿಂಗಳ ಹಿಂದೆ ಭೌತಶಾಸ್ತ್ರದ ಪರೀಕ್ಷೆ ಬರೆದು ಬಂದವನು ನಾನು. ಪುಸ್ತಕದ ರಾಟೆಗೆ ದುಂಡಗಿನ ಚಕ್ರವಿತ್ತು, ಆದ್ದರಿಂದ ಗುರುತು ಸಿಕ್ಕಿತ್ತು. ಇಲ್ಲಿ ಚಕ್ರವಿಲ್ಲ, ಹಗ್ಗವೇ ಹಗ್ಗಕ್ಕೆ ರಾಟೆ. ತಿಕ್ಕಾಟದಿಂದಾಗಿ ಮೂರು ಪಟ್ಟು ಖಂಡಿತ ಸಿಗುವುದಿಲ್ಲ. ಹಾಗೆಂದು ತಿಕ್ಕಾಟವನ್ನು ಬೈಯುವಂತೆಯೂ ಇಲ್ಲ. ಜಗ್ಗಿದ ಹಗ್ಗ ಹಿಂದಕ್ಕೆ ಓಡದೆ ಎರಡು ಬೆರಳಿನ ಹಿಡಿತದಲ್ಲಿ ನಿಲ್ಲುವುದು ಅದರಿಂದಲೇ. ಆದರೆ ನೈಲಾನ್ ಮೇಲೆ ನೈಲಾನ್ ಉಜ್ಜಿದರೆ ಬಿಸಿಯಾಗಿ ಸವೆಯುತ್ತದೆ. ಅದಕ್ಕೇ ಮಾವ ದಿನಾ ಒಂದೇ ಜಾಗದಲ್ಲಿ ಕುಣಿಕೆ ಹಾಕುತ್ತಿರಲಿಲ್ಲ, ಒಂದು ಗೇಣು ಆಚೀಚೆ ಮಾಡುತ್ತಿದ್ದ.

ಐದನೇ ದಿನ ಹಿಂದಿನ ಹಗ್ಗ ಮತ್ತೆ ನನಗೇ ಬಿತ್ತು. ಕಟ್ಟಿದೆ. ಮಾವ ಬಂದು ಹಗ್ಗವನ್ನು ಬೆರಳಲ್ಲಿ ಮೀಟಿದ. ಸಣ್ಣಗೆ ಗುಂಯ್ ಅಂದಿತು. ಏನೂ ಹೇಳದೆ ಹೋಗಿ ಸ್ಟೇರಿಂಗ್ ಹಿಡಿದು ಕೂತ. ಆದರೆ ನಾಲ್ಕೈದು ಕಿಲೋಮೀಟರ್ ಹೋದ ಮೇಲೆ ಒಂದು ಬೇವಿನ ಮರದ ಕೆಳಗೆ ನಿಲ್ಲಿಸಿ, “ಇಳಿ, ಜಗ್ಗು” ಅಂದ. ಇಳಿದು ನೋಡಿದರೆ ಗುಂಯ್ ಅನ್ನುತ್ತಿದ್ದ ಹಗ್ಗ ಮೂಕವಾಗಿತ್ತು. ಗಾಡಿ ಕುಲುಕಿದ ಹಾಗೆ ಹುಲ್ಲು ಒಳಗೊಳಗೇ ಕುಸಿದು ಕೂರುತ್ತದೆ. ಲೋಡು ಚಿಕ್ಕದಾಗುತ್ತದೆ, ಹಗ್ಗದ ಉದ್ದ ಅಷ್ಟೇ ಇರುತ್ತದೆ. ಅವತ್ತು ಹಂಪಿನ ಹತ್ತಿರ ಆದದ್ದೂ ಇದೇ. ನನ್ನ ಐದು ಗಂಟು ಎಷ್ಟೇ ಗಟ್ಟಿಯಿದ್ದರೂ ದಾರಿಯಲ್ಲಿ ಅದನ್ನು ಮತ್ತೆ ಬಿಗಿ ಮಾಡಲು ಆಗುತ್ತಿರಲಿಲ್ಲ, ಏಕೆಂದರೆ ಬಿಚ್ಚಲು ಬರುತ್ತಿರಲಿಲ್ಲ. ಈಗ ತುದಿ ಜಗ್ಗಿ ಬಿಚ್ಚಿ, ಒಂದು ಮೊಳ ಹಗ್ಗ ಕೆಳಗೆಳೆದು, ಮತ್ತೆ ಕಟ್ಟಲು ಅರ್ಧ ನಿಮಿಷ ಸಾಕಾಯಿತು.

ಅವತ್ತು ನನ್ನ ಹಗ್ಗ ಬಿಟ್ಟು ಉಳಿದ ಹಗ್ಗಗಳನ್ನು ಮಾವ ದಾವಣಗೆರೆಯ ಬಳಿ ಇಳಿದು ಜಗ್ಗಿದ್ದ. ಹಿಂದಿನದನ್ನು ಮುಟ್ಟಿ, ಆ ಉಂಡೆ ನೋಡಿ, ಬಿಚ್ಚುತ್ತಾ ಕೂತರೆ ಕತ್ತಲಾಗುತ್ತದೆ ಎಂದು ಬಿಟ್ಟಿದ್ದನಂತೆ. ಇದನ್ನು ಅವನು ನನಗೆ ಹೇಳಿದ್ದು ಎಷ್ಟೋ ವರ್ಷದ ಮೇಲೆ.

ಬೆಂಗಳೂರಿಗೆ ಬಂದ ಮೇಲೆ ಈ ಗಂಟಿಗೆ ಹೆಸರು ಸಿಕ್ಕಿತು. ಇಂಗ್ಲಿಷಿನಲ್ಲಿ ಟ್ರಕ್ಕರ್ಸ್ ಹಿಚ್ ಅನ್ನುತ್ತಾರೆ. ಗಾಡಿಯವರ ಹೆಸರಿನಲ್ಲಿ ವ್ಯಾಗನರ್ಸ್ ಹಿಚ್ ಅನ್ನುವುದೂ ಉಂಟು. ಅಮೆರಿಕದ ಚಿತ್ರಕಾರ ಕ್ಲಿಫರ್ಡ್ ಆಶ್ಲೆ ಹನ್ನೊಂದು ವರ್ಷ ಕೂತು ಬರೆದು, 1944ರಲ್ಲಿ ಹೊರತಂದ ಗಂಟುಗಳ ದೊಡ್ಡ ಪುಸ್ತಕದಲ್ಲಿ 3,800ಕ್ಕೂ ಹೆಚ್ಚು ನಮೂದುಗಳಿವೆ. ಬೇರೆ ಬೇರೆ ಕಸುಬಿನವರ ಗಂಟುಗಳಿಗೆಂದೇ ಅದರಲ್ಲಿ ಒಂದು ಅಧ್ಯಾಯವಿದೆ. ಅದರ ಚಿತ್ರಗಳನ್ನು ನೋಡುತ್ತಾ ಹೋದರೆ ಮಾವನ ಕೈಯ ಅಣ್ಣತಮ್ಮಂದಿರನ್ನು ಕಂಡ ಹಾಗಾಗುತ್ತದೆ. ಈಗ ಲಾರಿಗಳಲ್ಲಿ ಹಲ್ಲುಗಾಲಿಯ ಬೆಲ್ಟು ಬಂದಿದೆ, ಕಟಕಟ ತಿರುಗಿಸಿದರೆ ಬಿಗಿಯಾಗುತ್ತದೆ. ನಾನೇನೂ ಅದರ ವಿರೋಧಿಯಲ್ಲ. ಅದು ಆಗ ಇದ್ದಿದ್ದರೆ ಒಬ್ಬರ ಕೈ ಮುರಿಯುತ್ತಿರಲಿಲ್ಲವೇನೋ.

ಆ ದೋಸೆಯವರು ಕೆಲಸ ಮಾಡುತ್ತಿದ್ದ ಹೋಟೆಲ್ಲಿಗೆ ಒಂದೆರಡು ವರ್ಷದ ನಂತರ ಒಬ್ಬನೇ ಹೋಗಿದ್ದೆ. ಕಾವಲಿಯ ಮುಂದೆ ಅವರೇ ಇದ್ದರು. ಬಲಗೈಯಲ್ಲಿ ಹಿಟ್ಟು ಹರಡುತ್ತಿದ್ದರು, ಎಡಗೈಯಲ್ಲಿ ಬೆಣ್ಣೆ ಹಾಕುತ್ತಿದ್ದರು. ಎಡಗೈ ಪೂರ್ತಿ ಮಡಚುತ್ತಿತ್ತೋ ಇಲ್ಲವೋ, ಹೊಗೆಯಲ್ಲಿ ತಿಳಿಯಲಿಲ್ಲ. ಎರಡು ಬೆಣ್ಣೆ ದೋಸೆ ತಿಂದೆ. ಹೋಗಿ ಹೇಳಬೇಕು, ಹಗ್ಗ ಕಟ್ಟಿದ್ದು ಮಾವ ಅಲ್ಲ ನಾನು ಅನ್ನಬೇಕು ಎಂದುಕೊಂಡೇ ಹೋದವನು, ಬಿಲ್ಲು ಕೊಟ್ಟು ಹೊರಗೆ ಬಂದೆ.

ಹೋದ ವರ್ಷ ಮಾವನಿಗೆ ಲಕ್ವ ಹೊಡೆಯಿತು. ಮಾತು ಬಂದಿದೆ, ಬಲಗೈ ಬಂದಿಲ್ಲ. ಟೆಂಪೋ ಅದಕ್ಕೂ ಮುಂಚೆಯೇ ಹೋಗಿತ್ತು, ಹಗ್ಗಗಳು ಮಾತ್ರ ಹಿತ್ತಿಲಿನಲ್ಲಿ ಸುರುಳಿಯಾಗಿ ನೇತಾಡುತ್ತಿದ್ದವು. ದೀಪಾವಳಿಗೆ ಹೋದಾಗ ಅತ್ತೆ “ಬಟ್ಟೆ ಒಣಗಿಹಾಕಾಕೆ ಒಂದು ಹಗ್ಗ ಕಟ್ಟಿಕೊಡಪ್ಪ, ಇವರು ನೋಡಿದರೆ ಹಿಂಗೆ” ಅಂದಳು. ಮಾವ ಕುರ್ಚಿ ತರಿಸಿಕೊಂಡು ಹಿತ್ತಿಲಿನಲ್ಲಿ ಕೂತ. ತೆಂಗಿನ ಮರಕ್ಕೆ ಒಂದು ತುದಿ ಕಟ್ಟಿ, ನುಗ್ಗೆ ಮರದ ಹತ್ತಿರ ಕುಣಿಕೆ ಹಾಕುತ್ತಿದ್ದೆ. ಅವನ ಎಡಗೈ ಬೆರಳುಗಳು ತೊಡೆಯ ಮೇಲೆ ತಾವೇ ಆಡುತ್ತಿದ್ದವು.

ಅವನ ಮುಖ ನೋಡದೆ ಕೇಳಿದೆ. “ಅವತ್ತು ನೀನು ಕಟ್ಟಿದ್ದು ಅಂತ ಯಾಕೆ ಅಂದೆ ಮಾವ?”

ಯಾವತ್ತು ಎಂದು ಅವನು ಕೇಳಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, ತೊದಲುತ್ತಾ, “ಮುಟ್ಟಿ ನೋಡಿ ಬಿಟ್ಟೋನು ನಾನಲ್ವಾ” ಅಂದ. ದಾವಣಗೆರೆಯಲ್ಲಿ ಇಳಿದ ಕಥೆ ಆಗ ಹೇಳಿದ.

ನಾನು ಗಂಟು ಮುಗಿಸಿದೆ. ಅತ್ತೆ ಬಕೆಟ್ಟು ತಂದು ಒದ್ದೆ ಕಂಬಳಿಯನ್ನೇ ಮೊದಲು ಹಾಕಿದಳು. ಹಗ್ಗ ಜಗ್ಗಿತು, ನಿಂತಿತು. ಮಾವ ಎಡಗೈ ನೀಡಿ ಹಗ್ಗವನ್ನು ಮೀಟಲು ನೋಡಿದ, ಎಟುಕಲಿಲ್ಲ. ಕುರ್ಚಿಯನ್ನು ಹತ್ತಿರ ಎಳೆದೆ.

“ನೈಲಾನು. ನೆಂದರೆ ಉದ್ದ ಆಗ್ತೈತೆ” ಅಂದ. “ನಾಳೆ ಬೆಳಗ್ಗೆ ಊರಿಗೆ ಹೋಗೋ ಮುಂಚೆ ಒಂದು ಸಲ ಜಗ್ಗಿ ಹೋಗು.”