ಬಿಟ್ಟದ್ದೋ, ಬಿಡಿಸಿದ್ದೋ?

ನಾನು ಕಲಿತದ್ದು ಮಂಜೇಶ್ವರ ಕಡೆಯ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ. ಮನೆಯಲ್ಲಿ ಬ್ಯಾರಿ, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ತುಳು, ಸರಕಾರಿ ಕಚೇರಿಯಲ್ಲಿ ಮಲಯಾಳಂ. ಇಷ್ಟರ ನಡುವೆ ಇಂಗ್ಲಿಷ್ ಎಂಬುದು ಪರೀಕ್ಷೆಗೆ ಮಾತ್ರ ಬರುವ ನೆಂಟ. ನಮಗೆ ‘ಬಾರೋ’ ಮತ್ತು ‘ಲೆಂಡ್’ ಯಾವಾಗಲೂ ಅದಲು ಬದಲು. ಎರಡೂ ಸಾಲವೇ ತಾನೆ? ಕೊನೆಗೆ ಮಾಸ್ಟ್ರು ಒಂದು ಉಪಾಯ ಹೇಳಿಕೊಟ್ಟರು: “ಬಾರೋ ಅಂದರೆ ಹಣ ನಿನ್ನ ಕಡೆಗೆ ಬರುವುದು. ಲೆಂಡ್ ಅಂದರೆ ನಿನ್ನ ಕೈಯಿಂದ ಹೋಗುವುದು.” ಕ್ಲಾಸಿಡೀ ನಕ್ಕಿತು. ಒಂದೇ ಹಾಗೆ ಕಾಣುವ ಶಬ್ದಗಳಲ್ಲಿ ಹಣ ಯಾವ ಕಡೆಗೆ ಹೋಗುತ್ತದೆ ಎಂದು ನೋಡಬೇಕೆಂಬ ಪಾಠ ಅದು. ಅದು ನನಗೆ ಅರ್ಥವಾದದ್ದು ದುಬೈಯಲ್ಲಿ, ಬೇರೆಯವರ ಖರ್ಚಿನಲ್ಲಿ.

2011ರಲ್ಲಿ ನಾನು ದೇರಾದ ಒಂದು ರೂಮಿನಲ್ಲಿದ್ದೆ. ಉಪ್ಪಳ, ಕುಂಬಳೆ, ಮಂಜೇಶ್ವರದ ಎಂಟು ಮಂದಿ. ಆಫೀಸ್ ಕೆಲಸದವನು ನಾನೊಬ್ಬನೇ, ಹಾಗಾಗಿ ರೂಮಿನ ‘ಇಂಗ್ಲಿಷ್’ ಕೂಡ ನಾನೇ. ಯಾರದ್ದೇ ಕಾಗದ ಬರಲಿ, ಬರೆಯಲಿಕ್ಕಿರಲಿ, ನನ್ನ ಮಂಚದ ಹತ್ತಿರ ಬರುತ್ತಿದ್ದರು.

ಒಂದು ರಾತ್ರಿ ನಮ್ಮ ರೂಮಿನ ಹಿರಿಯರೊಬ್ಬರು, ನಾವೆಲ್ಲ ಕಾಕ ಎನ್ನುತ್ತಿದ್ದವರು, ಬಂದು ಕುಳಿತರು. ಒಂದು ಕಂಪೆನಿಯ ಗೋಡೌನಿನಲ್ಲಿ ಪೂರ್ತಿ ನಾಲ್ಕು ವರ್ಷ ದುಡಿದವರು. ಕಂಪೆನಿಯವರು ಕೆಲಸದಿಂದ ಬಿಡಿಸಿದ್ದಾರೆ, ಒಂದು ಲೆಟರ್ ತಂದು ಕೊಟ್ಟರೆ ಲೆಕ್ಕ ಚುಕ್ತಾ ಮಾಡುತ್ತಾರಂತೆ ಎಂದು ಬ್ಯಾರಿಯಲ್ಲೇ ಹೇಳಿದರು. ನಾನು ಬರೆಯಲು ಕುಳಿತೆ. ‘ಟರ್ಮಿನೇಟ್’ ಎಂಬ ಶಬ್ದ ನನಗೆ ಗೊತ್ತಿತ್ತು. ಆದರೆ ಅದು ಕಳ್ಳತನ ಮಾಡಿದವನಿಗೆ ಹೇಳುವ ಶಬ್ದದ ಹಾಗೆ ಕೇಳಿಸಿತು. ಕಾಕನ ಮರ್ಯಾದೆಗೆ ಅದು ಬೇಡ ಎಂದುಕೊಂಡು, ಮಂತ್ರಿಗಳೂ ಬಳಸುವ ಘನವಾದ ಶಬ್ದವನ್ನೇ ಹಾಕಿದೆ: ‘ಐ ವಿಶ್ ಟು ರಿಸೈನ್.’ ಕಾಕ ಸಹಿ ಹಾಕಿದರು.

ಕೈಗೆ ಬಂದ ಹಣ ಅವರ ಲೆಕ್ಕಕ್ಕಿಂತ ಕಡಿಮೆಯಿತ್ತು. ಕಾರ್ಮಿಕ ಇಲಾಖೆಗೆ ದೂರು ಬರೆಸಲು ಇಬ್ಬರೂ ಒಂದು ಟೈಪಿಂಗ್ ಸೆಂಟರಿಗೆ ಹೋದೆವು. ಅಲ್ಲಿದ್ದ ಮಲಯಾಳಿ ಲೆಟರಿನ ಪ್ರತಿ ಓದಿ ತಲೆಯೆತ್ತಿದರು: “ಇದರಲ್ಲಿ ನೀವೇ ಬಿಟ್ಟದ್ದು ಅಂತ ಉಂಟಲ್ಲ?”

ಕಾಕ ನನ್ನ ಮುಖ ನೋಡಿದರು. “ಮೋನೆ, ನಾನು ಬಿಟ್ಟದ್ದಲ್ಲ, ಬಿಡಿಸಿದ್ದು ಅಂತ ಹೇಳಿದ್ದೆನಲ್ಲ?”

ಆಗ ಅಲ್ಲಿ ಜಾರಿಯಲ್ಲಿದ್ದದ್ದು 1980ರ ಕಾರ್ಮಿಕ ಕಾನೂನು. ಮೊದಲ ಐದು ವರ್ಷಗಳಿಗೆ, ವರ್ಷಕ್ಕೆ 21 ದಿನಗಳ ಮೂಲ ವೇತನ ಗ್ರಾಚ್ಯುಟಿ. ಕಂಪೆನಿ ಬಿಡಿಸಿದರೆ ಅದು ಪೂರ್ತಿ ಸಿಗಬೇಕು. ಆದರೆ ಅವಧಿ ನಮೂದಿಸದ ಕರಾರಿನಲ್ಲಿ ಇರುವವನು ಮೂರು ವರ್ಷ ದಾಟಿ ಐದು ವರ್ಷದೊಳಗೆ ತಾನಾಗಿ ಬಿಟ್ಟರೆ ಮೂರರಲ್ಲಿ ಎರಡು ಪಾಲು ಮಾತ್ರ. ಕಾಕನಿಗೆ 84 ದಿನಗಳದ್ದು ಸಿಗುವಲ್ಲಿ 56 ದಿನಗಳದ್ದು ಸಿಕ್ಕಿತ್ತು. ಸಂಬಳ 1500 ದಿರ್ಹಮ್ ಎಂದು ನಾವು ಹೇಳುತ್ತಿದ್ದರೂ ಲೆಕ್ಕಕ್ಕೆ ಬರುವ ಬೇಸಿಕ್ 900 ಮಾತ್ರ. ನನ್ನ ಒಂದು ಶಬ್ದಕ್ಕೆ ಹೋದದ್ದು 840 ದಿರ್ಹಮ್. ನೋಟಿಸಿನ ತಿಂಗಳ ಸಂಬಳ ಕೇಳುವ ದಾರಿಯೂ ಮುಚ್ಚಿತು.

ಆ ರಾತ್ರಿ ನಿದ್ದೆ ಬರಲಿಲ್ಲ. ಇಂಗ್ಲಿಷ್ ಗೊತ್ತಿಲ್ಲದೆ ಆದ ತಪ್ಪೆಂದು ಮೊದಲು ನನ್ನನ್ನು ಸಮಾಧಾನ ಮಾಡಿಕೊಂಡೆ. ಆದರೆ ಬಿಟ್ಟದ್ದಕ್ಕೂ ಬಿಡಿಸಿದ್ದಕ್ಕೂ ಇರುವ ವ್ಯತ್ಯಾಸ ಕನ್ನಡದಲ್ಲಿ ಇಲ್ಲವೇ? ಕಾಕ ಸರಿಯಾಗಿಯೇ ಹೇಳಿದ್ದರು. ಇಂಗ್ಲಿಷಿಗೆ ಹೊರಟಾಗ ಕೇಳಲು ಚೆಂದವಿದ್ದ ಶಬ್ದ ಹುಡುಕಿದವನು ನಾನು. ರಿಸೈನ್‌ಗೆ ನಮ್ಮ ಪತ್ರಿಕೆಗಳು ಬರೆಯುವ ‘ರಾಜೀನಾಮೆ’ಯನ್ನೇ ನೋಡಿ. ಫಾರ್ಸಿಯಿಂದ ಬಂದ ಶಬ್ದ. ರಾಜಿ ಎಂದರೆ ಒಪ್ಪಿಗೆ, ನಾಮೆ ಎಂದರೆ ಪತ್ರ. ಕಾಕ ಒಪ್ಪದೇ ಇದ್ದದ್ದಕ್ಕೆ ನಾನು ಅವರಿಂದ ಒಪ್ಪಿಗೆ ಪತ್ರ ಬರೆಸಿಕೊಟ್ಟಿದ್ದೆ.

ನನ್ನ ಸಂಬಳದಿಂದ ಆ ಹಣ ಕೊಡುತ್ತೇನೆಂದೆ. ಕಾಕ ತೆಗೆದುಕೊಳ್ಳಲಿಲ್ಲ. “ಇಂಗ್ಲಿಷ್ ಸರಿ ಕಲಿ ಮೋನೆ, ಇನ್ನು ಎಷ್ಟು ಜನರಿಗೆ ಬರೆಯಲಿಕ್ಕುಂಟು” ಎಂದಷ್ಟೇ ಹೇಳಿ ಊರಿಗೆ ಹೊರಟರು.

ಆ ಮೇಲೆ ನಾನು ಶಬ್ದಗಳನ್ನು ಜೋಡಿ ಜೋಡಿಯಾಗಿ ನೋಡತೊಡಗಿದೆ. ‘ಆಬ್ಸೆಂಟ್’ ನಮಗೆ ಶಾಲೆಯ ಹಾಜರಿ ಪುಸ್ತಕದಿಂದಲೇ ಗೊತ್ತು, ಅಂದರೆ ಬಂದಿಲ್ಲ. ‘ಅಬ್‌ಸ್ಕಾಂಡಿಂಗ್’ ಎಂದರೆ ತಲೆತಪ್ಪಿಸಿಕೊಂಡು ಹೋದವನು. ಹೇಳದೆ ಕೇಳದೆ ಸತತ ಏಳು ದಿನಕ್ಕಿಂತ ಹೆಚ್ಚು ಕೆಲಸಕ್ಕೆ ಬಾರದವನ ಮೇಲೆ ಕಂಪೆನಿ ಆ ದೂರು ಕೊಡಬಹುದು. ಆದ್ದರಿಂದ ಜ್ವರ ಬಂದು ಮಲಗಿದವನೂ ಒಂದು ಮೆಸೇಜ್ ಕಳಿಸಿ ಅದನ್ನು ಅಳಿಸದೆ ಇಡಬೇಕು. ಆ ಮೆಸೇಜೇ ಅವನನ್ನು ಮೊದಲನೇ ಶಬ್ದದಲ್ಲಿ ಉಳಿಸುವುದು.

2022ರ ಫೆಬ್ರವರಿಯಲ್ಲಿ ಅಲ್ಲಿ ಹೊಸ ಕಾನೂನು ಜಾರಿಗೆ ಬಂತು. ತಾನಾಗಿ ಬಿಟ್ಟವನ ಗ್ರಾಚ್ಯುಟಿಯಲ್ಲಿ ಪಾಲು ಕಡಿತವಾಗುವ ನಿಯಮ ಹೋಯಿತು. ಸುದ್ದಿ ಓದಿದಾಗ ನನಗೆ ನೆನಪಾದದ್ದು ಟೈಪಿಂಗ್ ಸೆಂಟರಿನಲ್ಲಿ ನನ್ನತ್ತ ತಿರುಗಿದ ಕಾಕನ ಮುಖ.

ಈಗ ಊರಿನಲ್ಲಿದ್ದೇನೆ. ಗಲ್ಫಿನಿಂದ ಹುಡುಗರು ಇಂದಿಗೂ ವಾಟ್ಸಾಪಿನಲ್ಲಿ ಕಾಗದದ ಫೋಟೋ ಕಳಿಸುತ್ತಾರೆ, “ಒಂದು ಲೆಟರ್ ಬರೆದು ಕೊಡಿ ಕಾಕ” ಎನ್ನುತ್ತಾರೆ. ಈಗ ಕಾಕ ನಾನು. ಕೂಡಲೇ ಬರೆಯುವುದಿಲ್ಲ. ಫೋನ್ ಮಾಡಿ ಮೊದಲು ಬ್ಯಾರಿಯಲ್ಲಿ ಕೇಳುತ್ತೇನೆ: ನೀನು ಬಿಟ್ಟದ್ದೋ, ಅವರು ಬಿಡಿಸಿದ್ದೋ?