ಪುಟ್ಟಿಗೆ, ನನ್ನ ರಿಪೋರ್ಟಿನ ವಿಷಯ

ಪುಟ್ಟಿ,

ನಿನ್ನೆ ಫೋನಿನಲ್ಲಿ ನೀನು ಅತ್ತ ಮೇಲೆ ನನಗೂ ನಿದ್ದೆ ಹತ್ತಲಿಲ್ಲ. ಟಿಕೆಟ್ ಮಾಡಿಸಬೇಡ, ಮೊದಲು ಇದನ್ನು ಓದು.

ಪಿತ್ತಕೋಶದ ಕಲ್ಲಿಗೆಂದು ಮಾಡಿಸಿದ ಸ್ಕ್ಯಾನಿನಲ್ಲಿ ಮೇದೋಜೀರಕ ಗ್ರಂಥಿಯ ಈ ಗುಳ್ಳೆ ಕಂಡದ್ದು. ಇವು ಬಹಳ ಸಲ ಹೀಗೇ, ಬೇರೇನೋ ಹುಡುಕುವಾಗ ಸಿಗುತ್ತವಂತೆ. ನನಗೆ ನೋವಿಲ್ಲ, ಊಟ ಸೇರುತ್ತದೆ. ಹಿಂದೆ ಯಾವಾಗಲಾದರೂ ಗ್ರಂಥಿ ಊದಿಕೊಂಡು ಆಸ್ಪತ್ರೆ ಸೇರಿದ್ದಿರಾ ಎಂದು ಡಾಕ್ಟರು ಕೇಳಿದರು. ಆ ಊತದ ನಂತರ ಕಟ್ಟಿಕೊಳ್ಳುವ ಗುಳ್ಳೆಯ ಜಾತಿಯೇ ಬೇರೆ. ತೆಳು ನೀರಿನದು ಇನ್ನೊಂದು, ಅದು ಕೆಡುವುದು ತೀರಾ ಅಪರೂಪ. ನನ್ನದು ಲೋಳೆಯದು, ಗ್ರಂಥಿಯ ಕವಲು ನಾಳಕ್ಕೆ ಕೂಡಿಕೊಂಡಿದೆ. ಐಪಿಎಂಎನ್ ಅಂತ ಬರೆದಿದ್ದಾರಲ್ಲ, ಅದೇ.

3 ಸೆಂಟಿಮೀಟರ್ ದಾಟಿದ್ದರಿಂದ, ತುದಿಯಲ್ಲಿ ಅಲ್ಟ್ರಾಸೌಂಡ್ ಇರುವ ಟ್ಯೂಬನ್ನು ಬಾಯಿಂದ ಇಳಿಸಿ, ಜಠರದ ಗೋಡೆಯ ಮೂಲಕ ಸೂಜಿ ಹಾಕಿ ದ್ರವ ತೆಗೆದರು. ನನಗೆ ಮಂಪರು. ಒಂದು ಹನಿಯನ್ನು ಗ್ಲೌಸಿನ ಎರಡು ಬೆರಳ ನಡುವೆ ಹಿಡಿದು ಎಳೆದರೆ ಒಂದೆಳೆ ಪಾಕದ ಹಾಗೆ ಬಂತು ಅಂತ ಡಾಕ್ಟರು ಆಮೇಲೆ ಹೇಳಿದರು. ಅವರು ಹೇಳಿದ್ದರಲ್ಲಿ ನನಗೆ ತಕ್ಷಣ ತಿಳಿದದ್ದು ಅದೊಂದೇ!

ನೀನು ಹೆದರಿದ್ದು ಸಿಇಎ ಅಂಕಿ ನೋಡಿ. ರಕ್ತದ ಸಿಇಎ ಬೇರೆ, ಗುಳ್ಳೆಯ ದ್ರವದ್ದು ಬೇರೆ ಕಣೇ. ದ್ರವದಲ್ಲಿ 192 ದಾಟಿದರೆ ಲೋಳೆಯ ಜಾತಿ ಇರಬೇಕು ಅಂತ ಅಷ್ಟೇ. ಎಷ್ಟು ಏರಿದೆ ಎಂಬುದರ ಮೇಲೆ ಕ್ಯಾನ್ಸರ್ ಇದೆ, ಇಲ್ಲ ಎನ್ನಲಾಗದು. ದ್ರವದ ಗ್ಲೂಕೋಸ್ 50ಕ್ಕಿಂತ ಕೆಳಗಿರುವುದೂ ಅದೇ ಮಾತು ಹೇಳುತ್ತದೆ. ನೀನು ಓದಬೇಕಾದ ಸಾಲುಗಳು ಕೆಳಗಿವೆ: ಒಳಗೆ ಗಂಟಿಲ್ಲ, ಮುಖ್ಯ ನಾಳ 3 ಮಿಲಿಮೀಟರ್, ಜೀವಕೋಶಗಳಲ್ಲಿ ಕೆಟ್ಟದ್ದು ಕಂಡಿಲ್ಲ. ನಾಳ 10 ಮಿಲಿಮೀಟರ್ ಹಿಗ್ಗಿದ್ದರೆ, ಗುಳ್ಳೆಯಿಂದಲೇ ಕಾಮಾಲೆ ಬಂದಿದ್ದರೆ ಆಪರೇಷನ್ ಮಾತು ಬರುತ್ತಿತ್ತು. ಅದು ದೊಡ್ಡ ಆಪರೇಷನ್, ಬರೀ ಭಯಕ್ಕೆ ಮಾಡಿಸಿಕೊಳ್ಳುವಂಥದ್ದಲ್ಲ.

ಸದ್ಯಕ್ಕೆ ಆರು ತಿಂಗಳಿಗೊಮ್ಮೆ ಸ್ಕ್ಯಾನ್. ನಡುವೆ ಕಣ್ಣು ಹಳದಿಯಾದರೆ, ತೂಕ ಇಳಿದರೆ, ಇಲ್ಲದ ಸಕ್ಕರೆ ಕಾಯಿಲೆ ಹೊಸದಾಗಿ ಶುರುವಾದರೆ ಆರು ತಿಂಗಳು ಕಾಯುವ ಹಾಗಿಲ್ಲ, ಹೋಗಲೇಬೇಕು. ಪಕ್ಕದ ಮನೆಯವರು ಗುಳ್ಳೆ ಕರಗಿಸುವ ಕಷಾಯ ಕೊಟ್ಟಿದ್ದರು. ಸಿಂಕಿಗೆ ಸುರಿದೆ, ಅವರಿಗೆ ಹೇಳಬೇಡ.

ನಿನ್ನಿಂದ ಒಂದು ಕೆಲಸ ಆಗಬೇಕು. ರಜೆಗೆ ಬಂದಾಗ ನನ್ನ ಸ್ಕ್ಯಾನಿನ ಸಿಡಿಗಳನ್ನೆಲ್ಲ ಕಂಪ್ಯೂಟರಿಗೆ ಹಾಕಿ, ತಾರೀಖು ಬರೆದಿಡು. ವರ್ಷಕ್ಕೆ ಎರಡೂವರೆ ಮಿಲಿಮೀಟರ್ ಬೆಳೆದರೂ ಅವರು ಗಮನಿಸುತ್ತಾರೆ, ಹೋಲಿಸಲು ಹಳೆಯ ಚಿತ್ರ ಬೇಕೇಬೇಕು. ನಿಮ್ಮಪ್ಪನ ಕೈಗೆ ಕೊಟ್ಟರೆ ಬೀರುವಿನಲ್ಲಿಟ್ಟು ಎಲ್ಲಿಟ್ಟೆ ಅಂತ ನನ್ನನ್ನೇ ಕೇಳುತ್ತಾರೆ.

ನಿನ್ನ
ಅಮ್ಮ